ಯಾವ ಮಳೆಯ ಕೇಸು ನಿಮ್ಮದು?

ಬಂಗಾಳ ಕೊಲ್ಲಿಯಲ್ಲಿ ಮತ್ತೆ ವಾಯುಭಾರ ಕುಸಿತ ಅಂತ ಟಿವಿಯವರು ಹೇಳುತ್ತಿದ್ದಾರೆ. ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ಗೋಡೆ ಕುಸಿಯುತ್ತದೆ. ಕಾಸರಗೋಡಿನವರಿಗೆ ಗೊತ್ತಿರುವ ಹವಾಮಾನ ವಿಜ್ಞಾನ ಇಷ್ಟೇ.

ಮಳೆಗಾಲದಲ್ಲಿ ಹೊಳೆ ನುಗ್ಗಿದ ಮನೆಗಳು ಇನ್ನೂ ಒಣಗಿಲ್ಲ. ಸುಣ್ಣದ ಮೇಲೆ ನೀರು ನಿಂತ ಗೆರೆ ಹಾಗೇ ಇದೆ. ಮಂಚದ ಕಾಲಿಗೆ ಕಟ್ಟಿದ ಇಟ್ಟಿಗೆ ತೆಗೆಯಲು ಯಾರಿಗೂ ಧೈರ್ಯ ಬಂದಿಲ್ಲ. ಅಷ್ಟರಲ್ಲಿ ಹಿಂಗಾರಿನ ಮಳೆ, ಅದರ ಜೊತೆ ಗಾಳಿ. ಜನ ಗಾಬರಿಯಾಗಿದ್ದಾರೆ ಅಂದುಕೊಂಡರೆ ತಪ್ಪು. ಜನಕ್ಕೆ ಅಭ್ಯಾಸವಾಗಿದೆ. ಗಾಬರಿಯಾಗಿರುವುದು ಕಡತ. ಜುಲೈ ಮಳೆಯ ಕಡತವೇ ಮುಗಿದಿಲ್ಲ, ಈಗ ಇನ್ನೊಂದು ಮಳೆ ಬಂದು ಅದೇ ಮನೆಯ ಅದೇ ಗೋಡೆಯನ್ನು ಬೀಳಿಸಿದರೆ ಅದನ್ನು ಯಾವ ಮಳೆಯ ಲೆಕ್ಕಕ್ಕೆ ಬರೆಯುವುದು?

ನಮ್ಮ ಪಕ್ಕದ ಮನೆಯ ಅಣ್ಣ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಒಂದು ಆಫೀಸಿಗೆ ಹೋಗಿದ್ದರು. ಯಾವ ಆಫೀಸು ಅಂತ ಕೇಳಬೇಡಿ, ಎಲ್ಲ ಆಫೀಸಿನಲ್ಲೂ ಮೇಜು ಒಂದೇ ಥರ ಇರುತ್ತದೆ. ಕನ್ನಡದ ಅರ್ಜಿ ಫಾರಂ ಮುಗಿದಿತ್ತು. ಅದು ಯಾವಾಗಲೂ ಮುಗಿದಿರುತ್ತದೆ, ಬಿಡಿ. ಮಲಯಾಳದ ಫಾರಂ ತುಂಬಿಸಿ ಕೊಟ್ಟಾಗ ವಿಚಾರಣೆ ಹೀಗೆ ನಡೆಯಿತಂತೆ.

"ಗೋಡೆ ಯಾವಾಗ ಬಿದ್ದದ್ದು?"

"ಜುಲೈಯಲ್ಲಿ ಬಿರುಕು ಬಿಟ್ಟದ್ದು ಸಾರ್. ಮೊನ್ನೆ ರಾತ್ರಿಯ ಗಾಳಿಗೆ ಬಿತ್ತು."

"ಅಂದರೆ ಜುಲೈಯಲ್ಲಿ ಬಿದ್ದಿಲ್ಲ."

"ಇಲ್ಲ ಸಾರ್."

"ಮೊನ್ನೆ ಬಿದ್ದದ್ದು ಮೊದಲೇ ಬಿರುಕು ಬಿಟ್ಟ ಗೋಡೆ."

"ಹೌದು ಸಾರ್."

"ಹಾಗಾದರೆ ಅದು ಹಳೆ ಡ್ಯಾಮೇಜು. ಈ ಮಳೆಗೆ ಬರುವುದಿಲ್ಲ. ಜುಲೈಗೆ ಹಾಕೋಣ ಅಂದರೆ ಆಗ ನಿಮ್ಮ ಗೋಡೆ ನಿಂತಿತ್ತಲ್ಲ?"

ಅಣ್ಣ ತಲೆ ತಗ್ಗಿಸಿದರು. ಜುಲೈಯಲ್ಲೇ ಬೀಳದೆ ಆ ಗೋಡೆ ದೊಡ್ಡ ತಪ್ಪು ಮಾಡಿತ್ತು. ನಾಲ್ಕು ತಿಂಗಳು ಹಠ ಹಿಡಿದು ನಿಂತದ್ದಕ್ಕೆ ಈಗ ಅನುಭವಿಸುತ್ತಿದೆ.

"ಬಿರುಕು ಬಿಟ್ಟ ಕೂಡಲೇ ರಿಪೇರಿ ಮಾಡಿಸಬಹುದಿತ್ತಲ್ವಾ?" ಅಂತ ನೀವು ಕೇಳಬಹುದು. ನೀವು ಕೇಳುವ ಮೊದಲೇ ಆಫೀಸಿನವರೂ ಕೇಳಿದರು. ಅಣ್ಣ ಮಾಡಿಸಲು ಹೊರಟಿದ್ದರು ಮಾರಾಯ್ರೇ. ಗೋಡೆ ಕಟ್ಟುವ ಮುರಕಲ್ಲು ತರಿಸಿ, ಮೇಸ್ತ್ರಿಯನ್ನೂ ಗೊತ್ತು ಮಾಡಿದ್ದರು. ಆಗ ಇದೇ ಮೇಜಿನಿಂದ ಸೂಚನೆ ಬಂದಿತ್ತು: ಪರಿಶೀಲನೆ ಆಗುವವರೆಗೆ ಏನನ್ನೂ ಮುಟ್ಟಬೇಡಿ, ರಿಪೇರಿ ಮಾಡಿದರೆ ನಷ್ಟ ಎಲ್ಲಿದೆ ಅಂತ ತೋರಿಸುತ್ತೀರಿ? ಸರಿಯಾದ ಮಾತೇ. ಅಣ್ಣ ಮುಟ್ಟಲಿಲ್ಲ. ಬಿರುಕಿನ ಮೇಲೆ ನೀಲಿ ಟಾರ್ಪಾಲು ಇಳಿಬಿಟ್ಟರು. ಪರಿಶೀಲನೆಗೆ ಬರುವವರು ಬಂದರೆ ಕಾಣಲಿ ಅಂತ ಹಗಲು ಟಾರ್ಪಾಲು ಎತ್ತುವುದು, ಮಳೆ ಬಂದರೆ ನೀರು ಇಳಿಯದಿರಲಿ ಅಂತ ರಾತ್ರಿ ಇಳಿಸುವುದು. ಬ್ಯಾಂಕಿನ ಶಟರಿಗೂ ಇಷ್ಟು ನಿಯಮ ಇಲ್ಲ.

ಹೀಗೆ ಜೋಪಾನ ಮಾಡಿದ್ದು ಎಷ್ಟು ದುಡ್ಡಿಗೆ? ವಿಕೋಪ ಪರಿಹಾರದ ಕೇಂದ್ರ ಮಾನದಂಡ ಅಂತ ಒಂದಿದೆ. 2022ರಿಂದ 2026ರ ಅವಧಿಗೆ ಮಾಡಿದ್ದು. ಅದರ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಅರ್ಧಂಬರ್ಧ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಕನಿಷ್ಠ ಶೇಕಡಾ 15 ಹಾನಿ ಆಗಿರಬೇಕು. ಅಣ್ಣನ ಮನೆಯ ಮಾಡಿನ ಪಕ್ಕಾಸು, ರೀಪು, ಹಂಚು, ಕೆಳಗಿನ ಗೋಡೆ ಎಲ್ಲ ಕೂಡಿಸಿ ಭಾಗಿಸಿದಾಗ ಹಾನಿ ಶೇಕಡಾ ಎಷ್ಟಾಯಿತು ಅನ್ನುವುದು ಹತ್ತನೇ ಕ್ಲಾಸಿನ ಮಗಳಿಗೂ ಬಗೆಹರಿದಿಲ್ಲ. ಶೇಕಡಾ 14 ಬಿದ್ದರೆ ಅದು ಮನೆಯವರ ಸ್ವಂತ ವಿಷಯ.

ಈ ಮಾನದಂಡವನ್ನು ಒಮ್ಮೆ ಓದಬೇಕು. ಬಟ್ಟೆಬರೆಗೆ 2,500, ಪಾತ್ರೆ-ಪಗಡಿಗೆ 2,500 ಕೊಡುವ ಕಲಂ ಇದೆ. ಯಾರಿಗೆ? ಮನೆ ಕೊಚ್ಚಿಹೋದವರಿಗೆ, ಪೂರ್ತಿ ಬಿದ್ದವರಿಗೆ, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಹೊತ್ತು ಮನೆಯೊಳಗೆ ನೀರು ನಿಂತವರಿಗೆ. ಯಾವುದೋ ದೊಡ್ಡ ನದಿಯ ಬಯಲಿನಲ್ಲಿ, ವಾರಗಟ್ಟಲೆ ನೀರು ನಿಲ್ಲುವ ಕಡೆ ಇದು ನ್ಯಾಯವೇ ಇರಬಹುದು. ನಮ್ಮ ಹೊಳೆಗಳು ಗಿಡ್ಡ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇವೆ ಅಂತ ನಾವು ಹೆಮ್ಮೆಪಡುತ್ತೇವೆ, ಆದರೆ ಅವುಗಳಲ್ಲಿ ದೊಡ್ಡದಾದ ಚಂದ್ರಗಿರಿಯೇ 105 ಕಿಲೋಮೀಟರ್, ಉಪ್ಪಳ ಹೊಳೆ 50. ಘಟ್ಟದ ಕಡೆ ಸಂಜೆ ಸುರಿದದ್ದು ಬೆಳಗಾಗುವುದರೊಳಗೆ ನಮ್ಮ ತೋಟದಲ್ಲಿ. ಕಡಲಿನಲ್ಲಿ ಇಳಿತ ಇದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಬೊಳ್ಳ, ಅಂದರೆ ನೆರೆ, ಬಂತು, ಅಕ್ಕಿ ಡಬ್ಬಿ ತೇಲಿಸಿತು, ಫ್ರಿಜ್ಜು ಮಗುಚಿತು, ಹಾಸಿಗೆಗೆ ಕೆಸರು ಬಳಿಯಿತು, ಹೋಯಿತು. ಎರಡು ದಿನ ಕೂತುಕೊಳ್ಳುವ ಸಂಸ್ಕಾರ ನಮ್ಮ ನೀರಿಗಿಲ್ಲ. ಹಾಗಾಗಿ ಮುಂದಿನ ಸಲ ನೀರು ಬಂದಾಗ ಬಾಗಿಲು ಹಾಕಿ ಅದನ್ನು ಒಳಗೇ ಹಿಡಿದಿಡುವುದು ಒಳ್ಳೆಯದು. ಬಂದ ಅತಿಥಿಗೆ ಕಾಫಿ ಕೊಟ್ಟು, ಇನ್ನೊಂದು ರಾತ್ರಿ ಉಳಿದುಕೊಳ್ಳಿ, ಕಲಂ ಪೂರ್ತಿ ಆಗಲಿ ಅನ್ನಬೇಕು.

ಇನ್ನೊಂದು ಕಲಂ ನನಗೆ ಬಹಳ ಇಷ್ಟ. ಗದ್ದೆ-ತೋಟದಲ್ಲಿ ನೆರೆ ತಂದು ಹಾಕಿದ ಹೂಳು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ. ಷರತ್ತು ಏನೆಂದರೆ ಹೂಳು ಮೂರು ಇಂಚಿಗಿಂತ ದಪ್ಪ ಇರಬೇಕು. ಈಗ ನೋಡಿ, ಹೊಳೆ ಬದಿಯ ತೋಟದಲ್ಲಿ ಜುಲೈ ನೆರೆ ನಾಲ್ಕು ಇಂಚು ಮಣ್ಣು ಹಾಕಿ ಹೋಯಿತು. ಅಳೆಯುವವರು ಬರುವುದರೊಳಗೆ ಅಕ್ಟೋಬರಿನ ಗುಡುಗು ಮಳೆ ಎರಡು ಇಂಚು ತೊಳೆದುಕೊಂಡು ಹೋಯಿತು. ಈಗ ಸ್ಕೇಲು ಇಟ್ಟರೆ ಎರಡೇ ಇಂಚು. ಇನ್ನೊಬ್ಬರ ತೋಟದಲ್ಲಿ ಜುಲೈಯದ್ದು ಎರಡು ಇಂಚು, ಹಿಂಗಾರಿನದ್ದು ಎರಡು ಇಂಚು. ಒಟ್ಟು ನಾಲ್ಕು ಇದ್ದರೂ ಬೇರೆ ಬೇರೆ ಮಳೆಯ ಹೂಳು, ಕೂಡಿಸುವ ಹಾಗಿಲ್ಲ ಅಂದುಬಿಟ್ಟರೆ? ಹೂಳಿನ ಮೇಲೆ ತಾರೀಕು ಬರೆದಿರುವುದಿಲ್ಲ ನೋಡಿ. ಅದು ಹೊಳೆಯ ಬೇಜವಾಬ್ದಾರಿ.

ಮಳೆಯನ್ನು ತುಂಡು ಮಾಡುವುದರಲ್ಲಿ ಮಳೆ ಅಳೆಯುವ ಮಾಪಕವೂ ಕಡಿಮೆ ಇಲ್ಲ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿದು 8.30ಕ್ಕೇ ಶುರುವಾಗುತ್ತದೆ. ಆ 24 ಗಂಟೆಯಲ್ಲಿ 64.5 ಮಿಲಿಮೀಟರ್ ಬಿದ್ದರೆ ಭಾರೀ ಮಳೆ, 115.6 ಬಿದ್ದರೆ ಅತಿ ಭಾರೀ, 204.4 ಮೀರಿದರೆ ಅತ್ಯಂತ ಭಾರೀ. ದೇಶಕ್ಕೆಲ್ಲ ಒಂದೇ ಗಡಿಯಾರ ಬೇಕಲ್ಲ, ಇಲಾಖೆಯವರ ತಪ್ಪಿಲ್ಲ. ಆದರೆ ಬೆಳಗ್ಗೆ ಆರಕ್ಕೆ ಹಿಡಿದ ಮಳೆ ಹನ್ನೊಂದಕ್ಕೆ ಬಿಟ್ಟಿತು ಅಂತಿಟ್ಟುಕೊಳ್ಳಿ. 8.30ರ ತನಕ 60 ಮಿಲಿಮೀಟರ್, ಆಮೇಲೆ 60. ಅಂಗಳದಲ್ಲಿ ನಿಂತವರಿಗೆ ಅದು ಆಕಾಶವೇ ಹರಿದು ಬಿದ್ದ ಮಳೆ. ಪುಸ್ತಕದಲ್ಲಿ ಎರಡು ದಿನದ ಎರಡು ಸಾಧಾರಣ ಮಳೆ. ಸಾಧಾರಣ ಮಳೆಗೆ ನಿಮ್ಮ ಕೊಟ್ಟಿಗೆ ಯಾಕೆ ಬಿತ್ತು ಅಂತ ಕೇಳಿದರೆ ಉತ್ತರ ಕೊಡಬೇಕಾದದ್ದು ನೀವು. ಹೋಗಲಿ, ಮಾಪಕ ಇರುವುದು ನಿಮ್ಮ ಅಂಗಳದಲ್ಲೂ ಅಲ್ಲ.

ಗಾಳಿಯದ್ದು ಇನ್ನೊಂದು ಜಾತಿಪದ್ಧತಿ. ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಚಂಡಮಾರುತಕ್ಕೆ ಮಾತ್ರ ಹೆಸರು. ಹೆಸರಿದ್ದರೆ ಟಿವಿ, ಮಂತ್ರಿ, ಹೆಲಿಕಾಪ್ಟರು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಹತ್ತಿರ ದಡ ಮುಟ್ಟಿತು. ಅಲ್ಲಿಂದ ಶಕ್ತಿ ಕಳೆದುಕೊಂಡು ಒಳನಾಡಿಗೆ ನಡೆದಾಗ ನಮ್ಮ ಹಾಗೇ ಗಡಿಯಾಚೆ ಉಳಿದ ಕನ್ನಡದವರಿರುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಸುರಿಯಿತು. ನಿಲ್ಲಿಸಿದ್ದ ವ್ಯಾನು, ಕಾರುಗಳೆಲ್ಲ ತೇಲಿಹೋದವು. ಉಳಿದ ಪಸೆಯನ್ನು ಡಿಸೆಂಬರ್ ಮೊದಲ ವಾರ ಕಾಸರಗೋಡಿಗೂ ತಂದು ಹಿಂಡಿತು. ಇಷ್ಟು ಮಾಡುವಾಗ ಅದು ಚಂಡಮಾರುತವೇ ಆಗಿರಲಿಲ್ಲ, ಬರೀ ವಾಯುಭಾರ ಕುಸಿತ! ರಿಟೈರಾದ ಮೇಲೆ ಜಾಸ್ತಿ ಕೆಲಸ ಮಾಡುವವರು ಇರುತ್ತಾರಲ್ಲ.

ಮುನ್ನೆಚ್ಚರಿಕೆ ಇಲ್ಲ ಅಂತ ಮಾತ್ರ ಹೇಳಬೇಡಿ. ಹಳದಿ, ಕಿತ್ತಳೆ, ಕೆಂಪು ಎಲ್ಲ ಬರುತ್ತವೆ. ನಮ್ಮಲ್ಲಿ ಈ ಬಣ್ಣಗಳನ್ನು ಶ್ರದ್ಧೆಯಿಂದ ಗಮನಿಸುವವರು ಶಾಲೆಯ ಮಕ್ಕಳು ಮಾತ್ರ. ಕಿತ್ತಳೆ ಬಂದ ಕೂಡಲೇ ಜಿಲ್ಲಾಧಿಕಾರಿಗಳ ಫೇಸ್‌ಬುಕ್ ಪುಟಕ್ಕೆ ಹೋಗಿ "ರಜೆ ಕೊಡಿ" ಅಂತ ಬೇಡಿಕೆ. ರಜೆ ಸಿಕ್ಕಿದ ದಿನ ಬಿಸಿಲು, ಸಿಗದ ದಿನ ಮಳೆ ಅನ್ನುವುದು ಮಕ್ಕಳ ಸಂಶೋಧನೆ. ದೊಡ್ಡವರು ಬಣ್ಣ ಮಾಸುವವರೆಗೆ ಸಭೆ ಮಾಡುತ್ತಾರೆ. ಮಳೆಗಾಲಕ್ಕೆ ಮೊದಲು ತೆಗೆಯಬೇಕಾದ ಚರಂಡಿಯ ಮಣ್ಣನ್ನು ಈಗ ತೆಗೆದು ಚರಂಡಿಯ ಅಂಚಿನಲ್ಲೇ ರಾಶಿ ಹಾಕಿದ್ದಾರೆ. ಮಳೆ ಬಂದರೆ ಅದು ತಾನಾಗಿ ಒಳಗೆ ಹೋಗುತ್ತದೆ, ಸಾಗಾಟದ ಖರ್ಚಿಲ್ಲ. ತಲಪಾಡಿಯಿಂದ ಈಚೆ ಆರು ಪಥದ ಹೆದ್ದಾರಿ 66 ಬಂತು, ಅದರ ಪಕ್ಕದ ಸರ್ವಿಸ್ ರಸ್ತೆ ಮಳೆಗೆ ಏಳನೇ ಪಥದ ಜಲಮಾರ್ಗ. ಚೆರ್ವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಅದೇ ಹೆದ್ದಾರಿಗೆ ಜಾರಿತು. ಕಡಿದು ನಿಲ್ಲಿಸಿದ ಗುಡ್ಡಗಳು ಇನ್ನೂ ಇವೆ. ಅವು ಯಾವ ಮಳೆಯ ಕೇಸಿಗೆ ಸೇರುತ್ತವೋ.

ಮಧೂರಿನಲ್ಲಿ ಮಧುವಾಹಿನಿ ಹೊಳೆ ತುಂಬಿ ದೇವಸ್ಥಾನದ ಅಂಗಳಕ್ಕೆ ನೀರು ಬರುವುದು ಪ್ರತಿ ಮಳೆಗಾಲದ ಸುದ್ದಿ. ಗಣಪತಿಗೆ ಒಂದು ಸುಖ ಇದೆ. ನೀರು ಎಷ್ಟು ದಿನ ನಿಂತಿತು ಅಂತ ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದ ಕ್ಯೂನಲ್ಲಿ ನಿಂತು ಹೇಳಬೇಕಾಗಿಲ್ಲ.

ಇಷ್ಟೆಲ್ಲದರ ನಡುವೆ ಈ ಹಿಂಗಾರಿನ ಮಳೆಗೆ ನಿಜವಾಗಿ ಹೆದರಬೇಕಾದ ಜಾಗ ಅಂಗಳ. ನವೆಂಬರ್, ಡಿಸೆಂಬರಿನಲ್ಲಿ ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿ ಹರಡಿರುತ್ತದೆ. ಒಣಗಿ ಚಾಲಿ ಅಡಿಕೆ ಆಗಬೇಕಾದರೆ ಅದಕ್ಕೆ ನಲವತ್ತು-ನಲವತ್ತೈದು ದಿನದ ಖಡಕ್ ಬಿಸಿಲು ಬೇಕು. ಸಂಜೆ ನಾಲ್ಕಕ್ಕೆ ಮೂಡಣದಲ್ಲಿ ಕಪ್ಪಾದರೆ ಮನೆಮಂದಿಯೆಲ್ಲ ಅಂಗಳಕ್ಕೆ. ಒಬ್ಬರು ಅಡಿಕೆ ಒಟ್ಟು ಮಾಡುವುದು, ಒಬ್ಬರು ಟಾರ್ಪಾಲು ಎಳೆಯುವುದು, ಅಜ್ಜಿ ಅಂಚಿಗೆ ಇಡಲು ಕಲ್ಲು ಹುಡುಕುವುದು. ಕಲ್ಲು ಇಟ್ಟು ಮುಗಿಯುವ ಮೊದಲೇ ಗಾಳಿ ಟಾರ್ಪಾಲನ್ನು ಎತ್ತಿ ತೆಂಗಿನ ಬುಡಕ್ಕೆ ಒಯ್ಯುತ್ತದೆ. ಎರಡು ಸಲ ಒದ್ದೆಯಾದರೆ ಸಿಪ್ಪೆಗೆ ಬೂಸಲು, ಒಳಗೆ ಕಪ್ಪು. ಸುಲಿಯುವಾಗ ಗೊತ್ತಾಗುತ್ತದೆ, ಬಿಳಿಯ ರಾಶಿಗಿಂತ ಕೆಟ್ಟು ಕಪ್ಪಾದ ಕರಿಗೋಟಿನ ರಾಶಿ ದೊಡ್ಡದು ಅಂತ.

ಅಣ್ಣ ಹೋದವರು ಹೋದರು, ಅಡಿಕೆಯದ್ದೂ ಒಂದು ಕೇಳಿಬಿಟ್ಟರಂತೆ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ಕೊಡುವುದುಂಟು, ಎಕರೆಗೆ ಲೆಕ್ಕ ಹಾಕಿದರೆ ಒಂಬತ್ತು ಸಾವಿರದ ಹತ್ತಿರ. ಶೇಕಡಾ 33ಕ್ಕಿಂತ ಕಡಿಮೆ ಹಾನಿಗೆ ಇಲ್ಲ.

"ಮರ ಬಿತ್ತಾ?"

"ಮರ ನಿಂತಿದೆ ಸಾರ್. ಅಡಿಕೆ ಹೋಯಿತು."

"ಮರದಲ್ಲಿದ್ದ ಅಡಿಕೆಯಾ?"

"ಅಲ್ಲ, ಕೊಯ್ದದ್ದು. ಅಂಗಳದಲ್ಲಿತ್ತು."

"ಕೊಯ್ದ ಮೇಲೆ ಅದು ಬೆಳೆ ಅಲ್ಲ. ಅಂಗಳದಲ್ಲಿರುವುದು ನಿಮ್ಮ ಸಾಮಾನು. ಸಾಮಾನು ಮಳೆಗೆ ಯಾಕೆ ಇಟ್ಟಿರಿ?"

ಇದಕ್ಕೂ ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ಬಿಸಿಲಿಗೆ ಇಟ್ಟದ್ದು ಸಾರ್, ಮಳೆಗೆ ಅಲ್ಲ ಅಂದರಂತೆ. ಕೊನೆಗೆ ಆಫೀಸಿನವರಿಗೇ ಪಾಪ ಅನಿಸಿರಬೇಕು. ಅವರೂ ಮನುಷ್ಯರೇ, ಒಬ್ಬರೇ ಒಬ್ಬರು ಇಡೀ ಗ್ರಾಮದ ಗೋಡೆಗಳನ್ನು ನೋಡಬೇಕು. ಹೊಸ ಅರ್ಜಿ ಹಾಕಿ, ಜೊತೆಗೆ ಗೋಡೆ ಬೀಳುವ ಮೊದಲಿನ ಫೋಟೋ, ಬಿದ್ದ ಮೇಲಿನ ಫೋಟೋ, ಸಾಧ್ಯವಾದರೆ ಬೀಳುವಾಗಿನದ್ದೂ ಇಡಿ, ಬಂದು ನೋಡುತ್ತೇವೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಅಂತ ಕಳಿಸಿಕೊಟ್ಟರು.

ಮನೆಗೆ ಬಂದು ಅಣ್ಣ ಆ ಮುರಕಲ್ಲಿನ ರಾಶಿಯನ್ನು ಮುಟ್ಟದೆ, ಟಾರ್ಪಾಲನ್ನು ಗೋಡೆ ಇದ್ದ ಜಾಗಕ್ಕೆ ಪೂರ್ತಿ ಕಟ್ಟಿದರು. ಕಟ್ಟಿ ಮುಗಿಸುವಾಗ ಜೇಬಿನಲ್ಲಿ ಮೊಬೈಲು ಜೋರಾಗಿ ಕೂಗಿತು. ಗುಡುಗು, ಮಿಂಚು, ಬಿರುಗಾಳಿ ಬರಲಿದೆ, ಯಾರೂ ಹೊರಗೆ ನಿಲ್ಲಬಾರದು, ಕೂಡಲೇ ಮನೆಯೊಳಗೆ ಹೋಗಿ ಗೋಡೆಯಿಂದ ದೂರ ಇರಬೇಕು ಅಂತ ಸಂದೇಶ. ಅಣ್ಣ ಟಾರ್ಪಾಲಿನ ಈ ಬದಿ ನೋಡಿದರು, ಆ ಬದಿ ನೋಡಿದರು. ಸಹಾಯಕ್ಕೆ ಅಂತ ಇರುವ 1077ಕ್ಕೆ ಫೋನ್ ಮಾಡಿ, ಒಳಗೆ ಅಂದರೆ ನಾನು ಯಾವ ಕಡೆ ನಿಲ್ಲಬೇಕು ಅಂತ ಕೇಳುತ್ತಿದ್ದಾರೆ.