ಕಾರ್ಖಾನೆಯವರನ್ನೂ ಕೂರಿಸಿಕೊಂಡು ಹವಾಮಾನದ ಯೋಜನೆ ಮಾಡಬೇಕಾ?

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ಸೇರಿ ಸರ್ಕಾರ ಮತ್ತು ಖಾಸಗಿ ಕಾರ್ಖಾನೆಯವರು ಹವಾಮಾನ ಬದಲಾವಣೆ ಎದುರಿಸಲು ಒಂದೇ ಯೋಜನೆ ಮಾಡಬೇಕು ಅನ್ನುವ ಮಾತಿದೆ. ಬೇಕಾ, ಬೇಡವಾ?

ಪರ

ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದನ್ನೇ ನೋಡಿ. ತಾತ್ಕಾಲಿಕ ಗೇಟಿನ ಭಾಗಗಳು ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲೂ ಹೊಸಪೇಟೆಯ ವರ್ಕ್‌ಶಾಪುಗಳಲ್ಲೂ ತಯಾರಾದವು. ಭೋರ್ಗರೆಯುವ ನೀರಿನಲ್ಲೇ ಕ್ರೇನಿನಿಂದ ಒಂದೊಂದಾಗಿ ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಟೆಂಡರ್ ಕರೆದು ಕಾಯುತ್ತಾ ಕೂತಿದ್ದರೆ ಜಲಾಶಯ ಬರಿದಾಗುತ್ತಿತ್ತು, ಅಲ್ವಾ?

ಹೂಳಿನ ವಿಷಯದಲ್ಲೂ ಹೀಗೇ ಎಲ್ಲರೂ ಸೇರಬೇಕು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಮಳೆ ಒಮ್ಮೆಲೇ ಸುರಿದು ಆಮೇಲೆ ಕೈಕೊಡುವ ಕಾಲ ಇದು. ಬಂದಾಗ ಹಿಡಿದಿಡಲು ಜಾಗ ಬೇಕು. ಅದೇ ನೀರನ್ನು ಗಂಗಾವತಿಯ ಭತ್ತ, ತೋರಣಗಲ್ಲಿನ ಉಕ್ಕು, ರಾಯಚೂರಿನ ಕಾಲುವೆ ಕೊನೆ ಭಾಗದ ರೈತ ಎಲ್ಲರೂ ನೆಚ್ಚಿಕೊಂಡಿದ್ದಾರೆ. ಒಬ್ಬೊಬ್ಬರೇ ಲೆಕ್ಕ ಹಾಕಿದರೆ ಯಾರ ಲೆಕ್ಕವೂ ತಾಳೆಯಾಗುವುದಿಲ್ಲ.

ವಿರೋಧ

ಗೇಟಿನ ಮಾತು ಬೇರೆ. ಅವತ್ತು ಎಲ್ಲರಿಗೂ ಬೇಕಿದ್ದುದು ಒಂದೇ. ಹೊಗೆಯ ವಿಷಯದಲ್ಲಿ ಹಾಗಿಲ್ಲ. ಕೊಪ್ಪಳದ ಹತ್ತಿರ ಕಾರ್ಖಾನೆಗಳಿರುವ ಗಿಣಿಗೇರಾ ಸುತ್ತಮುತ್ತ ಮಾಳಿಗೆ ಮೇಲೆ ಬಟ್ಟೆ ಒಣಹಾಕಿದರೆ ಸಂಜೆಗೆ ಕರಿ ಬೂದಿ ಕೊಡವಬೇಕು. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳು ಕಪ್ಪಾಗುತ್ತದೆ. ಆ ಬೂದಿ ತಡೆಯುವುದಕ್ಕೆ ದುಡ್ಡು ಹಾಕಬೇಕಾದವರು ಒಬ್ಬರು, ಉಸಿರಾಡುವವರು ಇನ್ನೊಬ್ಬರು. ಇವರನ್ನು ಒಂದೇ ಮೇಜಿಗೆ ಕೂರಿಸಿದರೆ ಯಾರ ಮಾತು ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರ ಬಿಗಿ ಮಾಡುತ್ತದೆ ಅಂತೀರಾ? ರಾಯಚೂರಿನ ಶಕ್ತಿನಗರದ 1720 ಮೆಗಾವ್ಯಾಟ್, ಬಳ್ಳಾರಿಯ ಕುಡಿತಿನಿಯ 1700 ಮೆಗಾವ್ಯಾಟ್, ಎರಡೂ ಕಲ್ಲಿದ್ದಲು ಸುಡುವ ಸರ್ಕಾರಿ ವಿದ್ಯುತ್ ಸ್ಥಾವರಗಳೇ. ತಾನೇ ಹೊಗೆ ಬಿಡುವವನು ಪಕ್ಕದವನಿಗೆ ಏನು ಬುದ್ಧಿ ಹೇಳುತ್ತಾನೆ? ಇಬ್ಬರೂ ಸೇರಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಅಷ್ಟೆ. (ಆ ಸಸಿಗೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರೋ!)

ಬಳ್ಳಾರಿಯ ಗಣಿ ಗುಡ್ಡಗಳನ್ನು ಮನಬಂದಂತೆ ಕೆರೆಯುವುದು ನಿಂತದ್ದು ಯಾವ ಜಂಟಿ ಸಭೆಯಿಂದಲೂ ಅಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸು ಅಂದಿತು, ನಿಂತಿತು. ಇಲ್ಲೂ ಮೊದಲು ಕಾನೂನು ನಡೆಯಲಿ. ಚಿಮಣಿಯಿಂದ ಎಷ್ಟು ಹೊಗೆ ಬಿಟ್ಟರು, ಎಷ್ಟು ನೀರೆತ್ತಿದರು ಅನ್ನುವುದನ್ನು ದಿನಾ ಊರ ಪಂಚಾಯಿತಿ ಬೋರ್ಡಿಗೆ ಬರೆಯಲಿ. ಅದಕ್ಕೂ ಒಪ್ಪದವರ ಜೊತೆ ಯಾವ ಯೋಜನೆ ಮಾಡುತ್ತೀರಿ?