ಟ್ಯಾಂಕರ್ ಬರೋದು ಓವರ್‌ಮಾರೋ

ತಲೆ ತುಂಬಾ ಶಾಂಪೂ ಇರುವಾಗ ನಲ್ಲಿ ಸುಂಯ್ ಅಂದು ನಿಂತುಹೋದ ಅನುಭವ ಬೆಂಗಳೂರಿನಲ್ಲಿರುವವರಿಗೆಲ್ಲ ಆಗಿರುತ್ತೆ. ನನಗೆ ನಿನ್ನೆ ಆಯಿತು. ಆದರೆ ಕೈಕೊಟ್ಟಿದ್ದು ಬೋರ್‌ವೆಲ್ಲೂ ಅಲ್ಲ, ಮೋಟರೂ ಅಲ್ಲ. ಸುಮಾರು ಐನೂರು ವರ್ಷ ಹಳೆಯ ಒಂದು ಇಂಗ್ಲಿಷ್ ಪದ.

ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಮನುಷ್ಯ ಬಂಗಾರ, ಮೇಂಟೆನೆನ್ಸ್ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗಲ್ಲ. ಚಟ ಒಂದೇ, ಯಾರೂ ಬಳಸದ ಇಂಗ್ಲಿಷ್ ಪದ ಹುಡುಕಿ ತಂದು ನಮ್ಮ ಮೇಲೆ ಪ್ರಯೋಗ ಮಾಡೋದು. ಹೋದ ವಾರ ಅವರ ತಟ್ಟೆಯಲ್ಲಿದ್ದ ಮದ್ದೂರು ವಡೆಯನ್ನು ನಾನು ಸ್ವಲ್ಪ ಜಾಸ್ತಿ ಹೊತ್ತು ನೋಡಿದೆ ಅಂತ ಕಾಣುತ್ತೆ, "ಯಾಕ್ರೀ, ಗ್ರೋಕ್ ಮಾಡ್ತಿದೀರಾ?" ಅಂದರು. ಊಟ ಮಾಡುವವರ ಮುಂದೆ ನಾಯಿ ಆಸೆಯಿಂದ ಕೂತು ನೋಡುತ್ತಲ್ಲ, ಅದಕ್ಕೆ ಸ್ಕಾಟ್ಲೆಂಡಿನ ಕಡೆ ಹಾಗನ್ನುತ್ತಾರಂತೆ. ಅರ್ಥ ಸಿಕ್ಕಿತು, ಮಾನ ಹೋಯಿತು. ವಡೆ ಕೊಡಲಿಲ್ಲ.

ಮೊನ್ನೆ ಗ್ರೂಪಿನಲ್ಲಿ ಅವರ ಮೆಸೇಜು: "ನೋ ಕಾವೇರಿ. ಟ್ಯಾಂಕರ್ ಓವರ್‌ಮಾರೋ."

ನಾನು ಅದನ್ನು ಟುಮಾರೋ ಅಂತಲೇ ಓದಿಕೊಂಡೆ. ವಯಸ್ಸಾದವರು, ಏನೋ ತಪ್ಪು ಒತ್ತಿರಬೇಕು. ನಮ್ಮಾಕೆ "ನೀರು ಓವರ್, ನಾಳೆ ಬರುತ್ತೆ ಅಂತ" ಅಂದಳು. ಮೂರನೇ ಮಹಡಿಯ ಲಕ್ನೋ ಹುಡುಗ ಹಿಂದಿಯಲ್ಲಿ ಓದಿಕೊಂಡು "ಮಾರೋ? ಕಿಸ್ಕೋ?" ಅಂತ ಉತ್ತರ ಹಾಕಿದ. ಒಟ್ಟಿನಲ್ಲಿ ಹೆಂಗೂ ನಾಳೆ ಬರುತ್ತಲ್ಲ ಅಂತ ಹದಿನಾರು ಮನೆಯವರೂ ಧಾರಾಳವಾಗಿ ಬಟ್ಟೆ ಒಗೆದರು, ಒಬ್ಬರು ಕಾರೂ ತೊಳೆದರು.

ನಿನ್ನೆ ಬೆಳಿಗ್ಗೆ ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ಸಂಪ್ ಹತ್ತಿರ ಇಳಿದು ಹೋದೆ. ಮೇಷ್ಟ್ರು ಪೇಪರ್ ಓದುತ್ತಾ ಕೂತಿದ್ದರು. "ಓವರ್‌ಮಾರೋ ಅಂದ್ರೆ ನಾಡಿದ್ದು ಕಣ್ರೀ! 1535ರಲ್ಲಿ ಇಂಗ್ಲಿಷಿನಲ್ಲಿ ಇಡೀ ಬೈಬಲ್ ಮೊದಲ ಸಲ ಅಚ್ಚಾಯ್ತಲ್ಲ, ಕವರ್‌ಡೇಲ್ ಮಾಡಿದ್ದು, ಅದರಲ್ಲೇ ಇದೆ ಈ ಪದ. ಜರ್ಮನರು ಇವತ್ತಿಗೂ ಊಬರ್‌ಮಾರ್ಗನ್ ಅಂತಾರೆ. ಇಂಗ್ಲಿಷರು ಒಳ್ಳೇ ಪದ ಬಿಸಾಕಿ ಡೇ ಆಫ್ಟರ್ ಟುಮಾರೋ ಅಂತ ಮೂರು ಪದ ಹೊರ್ತಾ ಇದಾರೆ ನೋಡಿ!" ನೊರೆ ಕಿವಿಯೊಳಗೆ ಇಳಿಯುತ್ತಿತ್ತು. ಮೊನ್ನೆಗೂ ಹಾಗೇ ಎರ್‌ಯೆಸ್ಟರ್‌ಡೇ ಅಂತ ಒಂದಿತ್ತಂತೆ. ಇರಲಿ ಬಿಡಿ, ನನಗೆ ಬೇಕಾಗಿದ್ದು ಎರಡು ಚೊಂಬು ನೀರು. ಕೊನೆಗೆ ಅದನ್ನೂ ಅವರೇ ಕೊಟ್ಟರು, ತಮ್ಮ ಡ್ರಮ್ಮಿನಿಂದ. ಡ್ರಮ್ ತುಂಬಿಸಿ ಇಟ್ಟುಕೊಂಡಿದ್ದವರು ಇಡೀ ಬಿಲ್ಡಿಂಗಿಗೆ ಅವರೊಬ್ಬರೇ, ಅರ್ಥ ಗೊತ್ತಿದ್ದವರೂ ಅವರೊಬ್ಬರೇ.

ತಲೆ ಒರೆಸಿಕೊಳ್ಳುವಾಗ ಅಜ್ಜಿ ನೆನಪಾದಳು. ರಜೆಗೆ ಊರಿಗೆ ಹೋದಾಗಲೆಲ್ಲ ಬೆರಳು ಮಡಿಸುತ್ತಾ "ನಾಳೆ, ನಾಡಿದ್ದು, ಆಚೆ ನಾಡಿದ್ದು" ಅಂತ ನಾವು ಹೊರಡೋ ದಿನ ಎಣಿಸುತ್ತಿದ್ದಳು. ಮೂರನೇ ಬೆರಳಿಗೆ ಬರುವಾಗ ದನಿ ಸಣ್ಣಗಾಗುತ್ತಿತ್ತು.

ಇವತ್ತು ಟ್ಯಾಂಕರ್ ಬಂತು. ಇನ್ನು ಮೇಲೆ ಎಲ್ಲರಿಗೂ ಅರ್ಥವಾಗುವ ಹಾಗೆ ನೀವೇ ಹಾಕಿ ಅಂತ ಮೇಷ್ಟ್ರು ಮುನಿಸಿಕೊಂಡು ಆ ಕೆಲಸ ನನಗೇ ಕಟ್ಟಿದರು. ಅಚ್ಚ ಕನ್ನಡದಲ್ಲಿ ಹಾಕಿದೆ: "ಮುಂದಿನ ಟ್ಯಾಂಕರ್ ನಾಡಿದ್ದು."

ಎರಡೇ ನಿಮಿಷಕ್ಕೆ ಮೊದಲ ಮಹಡಿಯ ಹುಡುಗಿ, ಹಾಸನದ ಕಡೆಯವಳೇ, ಕೇಳಿದಳು: "ಅಂಕಲ್, ನಾಡಿದ್ದು ಅಂದ್ರೆ ನಾಳೆನಾ?" ಆ ಪ್ರಶ್ನೆಗೆ ಮೂರು ಥಮ್ಸ್ ಅಪ್ ಬಿದ್ದಿವೆ. ಒಂದು ನನ್ನ ಮಗನದು.

ಎದ್ದು ಹೋಗಿ ಬಕೆಟ್ ತುಂಬಿಸಿಟ್ಟೆ.