ಟೀ ಶರ್ಟಿನ ಮೇಲಿನ ಕ್ಲಬ್ಬು

ತಂಗಿಯ ಮಗ ನಮ್ಮ ಬಳ್ಳಾರಿಯ ಕೌಲ್ ಬಜಾರಿನಿಂದ ಕರಿ ಟೀ ಶರ್ಟ್ ಒಂದನ್ನು ತಂದಿದ್ದ. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ಸಿಬಿಜಿಬಿ. "ಅದೇನಂತ ಗೊತ್ತೇನೋ?" ಅಂದೆ. "ಸುಮ್ನೆ ಡಿಸೈನ್ ಮಾಮ, ಏನೂ ಇಲ್ಲ" ಅಂತ ವಗ್ಗಾಣಿ ತಟ್ಟೆಗೆ ಕೈ ಹಾಕಿದ.

ಏನೂ ಇಲ್ಲವಂತೆ! ಹಾಗಾದರೆ ನ್ಯೂಯಾರ್ಕಿನ ಬವರಿ ಬೀದಿಯಲ್ಲಿ ಹಿಲ್ಲಿ ಕ್ರಿಸ್ಟಲ್ ಅನ್ನುವ ಮನುಷ್ಯ 1973ರ ಡಿಸೆಂಬರಿನಿಂದ 2006ರವರೆಗೆ ನಡೆಸಿದ್ದೇನು? ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಹಾಡಿಸೋಣ ಅಂತ ಕ್ಲಬ್ ತೆಗೆದು, ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಕೂಡಿಸಿ ಸಿಬಿಜಿಬಿ ಅಂತ ಹೆಸರಿಟ್ಟ. ಬಂದದ್ದು ಬೇರೆಯೇ ರಾಕ್ ಬ್ಯಾಂಡಿನವರು. ಟೆಲಿವಿಷನ್, ರಮೋನ್ಸ್, ಬ್ಲಾಂಡಿ, ಟಾಕಿಂಗ್ ಹೆಡ್ಸ್. ಪಂಕ್ ಅನ್ನುವ ಗದ್ದಲದ ರಾಕ್ ಸಂಗೀತಕ್ಕೆ ಅದೇ ತವರುಮನೆ ಆಯಿತು.

ಅಲ್ಲಿ ಒಂದು ಷರತ್ತಿತ್ತು. ಸ್ವಂತ ಹಾಡನ್ನೇ ಹಾಡಬೇಕು, ಇನ್ನೊಬ್ಬರದ್ದು ನಡೆಯುವುದಿಲ್ಲ. ಈ ಷರತ್ತನ್ನು ನಮ್ಮ ಕಲ್ಯಾಣ ಮಂಟಪಗಳಿಗೆ ಯಾರಾದರೂ ಹಾಕಬಾರದಾ? ಊಟಕ್ಕೆ ಕೂತವರ ಕಿವಿ ಪಕ್ಕದಲ್ಲೇ ಆಳೆತ್ತರದ ಬಾಕ್ಸ್ ಇಟ್ಟು, ಯಾರ ಮದುವೆಯಾದರೂ ಅವವೇ ಹಾಡು. ಬಡಿಸುವವನು ಸಾರು ಬೇಕಾ ಅಂದದ್ದೂ ಕೇಳಿಸುವುದಿಲ್ಲ. ಸ್ವಲ್ಪ ಕಡಿಮೆ ಮಾಡಪ್ಪಾ ಅಂದರೆ ಆಪರೇಟರ್ ನಕ್ಕು ಇನ್ನೂ ಜಾಸ್ತಿ ಮಾಡುತ್ತಾನೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇರಲಿ. ಕ್ಲಬ್ಬೇ ಹೋದಮೇಲೂ ಅದರ ಅಂಗಿ ಹೇಗೆ ಉಳಿಯಿತು ಅಂತ ಹೇಳಬೇಕು ಅಂದುಕೊಂಡಿದ್ದೆ. ಆದರೆ ಅಲ್ಲಿನ ಕಕ್ಕಸಿನ ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಗೋಡೆ ತುಂಬಾ ಗೀಚು, ಸ್ಟಿಕ್ಕರು, ಅದರ ಕೊಳಕು ಲೋಕಪ್ರಸಿದ್ಧ. 2013ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಪಂಕ್ ಉಡುಪಿನ ಪ್ರದರ್ಶನ ಇಟ್ಟಾಗ ಆ ಕಕ್ಕಸನ್ನೇ ಮತ್ತೆ ಕಟ್ಟಿಸಿ ನಿಲ್ಲಿಸಿದರು! ನಮ್ಮ ಕಡೆ ಬಸ್ ಸ್ಟ್ಯಾಂಡುಗಳಲ್ಲಿ ಈ ಪ್ರದರ್ಶನ ವರ್ಷವಿಡೀ ಇರುತ್ತದೆ. ಬಾಗಿಲಲ್ಲಿ ಕೂತವನು ಬೋರ್ಡಿನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಕೀಳುತ್ತಾನೆ, ಚಿಲ್ಲರೆ ಕೇಳಿದರೆ ಅತ್ತ ತಿರುಗುತ್ತಾನೆ.

ಇದಕ್ಕೆ ಹೆದರಿಯೇ ನಮ್ಮ ದೊಡ್ಡಪ್ಪ ಪ್ರಯಾಣ ಅಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ಅಣ್ಣನಿಗೆ ಹೆಣ್ಣು ನೋಡೋಕೆ ಹುಬ್ಬಳ್ಳಿಗೆ ಹೋದೆವು. ಹೊಸಪೇಟೆ ದಾಟಿ, ಕೊಪ್ಪಳ ದಾಟಿ, ಗದಗ ದಾಟಿ, ಒಂದು ಗುಟುಕೂ ಕುಡಿಯದೆ ಕೂತಿದ್ದರು. ಹೆಣ್ಣಿನ ಮನೆಯಲ್ಲಿ ಹುಡುಗಿಯೇ ಚಹಾ ತಂದಳು. ವಾಪಸ್ ಬಸ್ ನೆನೆಸಿಕೊಂಡು ದೊಡ್ಡಪ್ಪ ಬೇಡ ಅಂದರು. ನೀರಾದರೂ ತಗೊಳ್ಳಿ ಅಂದರು, ಅದೂ ಬೇಡ. ಹಿರಿಯರೇ ನಮ್ಮ ಮನೆ ನೀರು ಮುಟ್ಟಲಿಲ್ಲ ಅಂದಮೇಲೆ ಅರ್ಥ ಆಯಿತು ಬಿಡಿ ಅಂತ ಅವರು ಹೇಳಿ ಕಳಿಸಿದರು. ಹುಡುಗಿ ಅಣ್ಣನಿಗೆ ಹಿಡಿಸಿದ್ದಳು. ಎಷ್ಟೋ ದಿನ ದೊಡ್ಡಪ್ಪನ ಹತ್ತಿರ ಮಾತೇ ಬಿಟ್ಟಿದ್ದ. ದೊಡ್ಡಪ್ಪನಿಗೆ ಮಾತ್ರ ಯಾಕಂತ ಕೊನೆಗೂ ತಿಳಿಯಲಿಲ್ಲ.

ಎಲ್ಲಿದ್ದೆ? ಹಾಂ, ಅಂಗಿ. ಟೀ ಶರ್ಟ್ ಮಾರಿ ಕ್ಲಬ್ಬಿಗೆ ಒಳ್ಳೆ ದುಡ್ಡೇ ಬರುತ್ತಿತ್ತು. ಆದರೂ ಬಾಡಿಗೆ ತಕರಾರು ಕೋರ್ಟ್ ಹತ್ತಿತು. ಬಾಡಿಗೆ ಕೇಳಿದ್ದು ಮನೆಯಿಲ್ಲದವರಿಗೆ ಆಸರೆ ಕೊಡುವ ಸಂಸ್ಥೆ, ನೋಡಿ! 2006ರ ಅಕ್ಟೋಬರ್ 15ಕ್ಕೆ ಪಂಕ್ ಗಾಯಕಿ ಪ್ಯಾಟಿ ಸ್ಮಿತ್ ಅಲ್ಲಿ ಕೊನೆಯ ಕಛೇರಿ ಮಾಡಿದರು. ಮರುವರ್ಷ ಕ್ರಿಸ್ಟಲ್ ತೀರಿಕೊಂಡ. 2008ರಲ್ಲಿ ಅದೇ ಜಾಗದಲ್ಲಿ ಜಾನ್ ವಾರ್ವಾಟೋಸ್ ಅನ್ನುವ ದುಬಾರಿ ಬಟ್ಟೆ ಅಂಗಡಿ ಬಂತು.

ಬಟ್ಟೆ ಅಂದಮೇಲೆ ಬಳ್ಳಾರಿಯವರು ಸುಮ್ಮನಿರೋಕಾಗುತ್ತಾ? ರಮೋನ್ಸ್ ಹುಡುಗರು ಮೊಣಕಾಲು ಹರಿದ ಜೀನ್ಸಿನಲ್ಲೇ ಸ್ಟೇಜ್ ಹತ್ತುತ್ತಿದ್ದರು. ನಮ್ಮೂರಲ್ಲಿ ಹೊಸ ಪ್ಯಾಂಟನ್ನೇ ಉಜ್ಜಿ ಹರಿದು ಡ್ಯಾಮೇಜ್ ಅಂತ ಮಾರುತ್ತಾರೆ, ಅದಕ್ಕೇ ರೇಟ್ ಜಾಸ್ತಿ. ಇದ್ಯಾವ ನ್ಯಾಯ ಅಂತ ಅಂಗಡಿಯವನನ್ನು ಕೇಳಿದೆ. "ಹರಿಯೋಕೂ ಕೂಲಿ ಕೊಡಬೇಕಲ್ರೀ" ಅಂದ. ನಾನು ಹರಿಯದ್ದನ್ನೇ ತಗೊಂಡೆ, ಅದಕ್ಕೂ ಚೌಕಾಶಿ ಮಾಡಿ.